ಪೋಷಕತ್ವಕ್ಕೆ ಹನ್ನೊಂದು ವರ್ಷದ ಹುಡುಗಿ ಬರ್ತಾಳೆ, ಹೆತ್ತಮ್ಮ ಇದ್ದಾರೆ. ಗೊತ್ತಿರುವವರು ಹೇಳಿ

ತೆಂಗಿನತೋಟ:
ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಇಲ್ಲಿ ಬರೀ ಓದಿಕೊಂಡು ಇದ್ದವಳು, ಬರೆಯುತ್ತಿರುವುದು ಇದೇ ಮೊದಲು. ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ನನಗೆ 42, ಯಜಮಾನರಿಗೆ 47. ಒಬ್ಬನೇ ಮಗ, ಈ ವರ್ಷ ಇಂಜಿನಿಯರಿಂಗ್ ಸೇರಿ ಹಾಸ್ಟೆಲ್‌ಗೆ ಹೋದ. ಅತ್ತೆ ನಮ್ಮ ಜೊತೆ ಇದ್ದಾರೆ. ಹೋದ ವರ್ಷ ಮಾವನವರ ತಿಥಿ ದಿನ ಯಜಮಾನರು ಬಾಲಮಂದಿರದಲ್ಲಿ ಮಕ್ಕಳಿಗೆ ಊಟ ಹಾಕಿಸೋಕೆ ಹೋಗಿದ್ದರು. ಅಲ್ಲಿ ಗೋಡೆ ಮೇಲೆ 'ಪೋಷಕತ್ವ ಯೋಜನೆ' ಅಂತ ಪೋಸ್ಟರ್ ಇತ್ತಂತೆ. ಅಂದ್ರೆ ದತ್ತು ಅಲ್ಲ, ಹೆತ್ತವರು ನೋಡಿಕೊಳ್ಳೋಕೆ ಆಗದ ಮಗುವನ್ನು ಬೇರೆ ಮನೆಯವರು ಸಾಕುವುದು, ಫಾಸ್ಟರ್ ಕೇರ್. ಫೋಟೊ ತೆಗೆದುಕೊಂಡು ಬಂದು ರಾತ್ರಿ ನನಗೆ ತೋರಿಸಿದರು. ಅಷ್ಟೇ ಶುರು.

ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಅರ್ಜಿ ಹಾಕಿದೆವು. ಆಧಾರ್, ಮದುವೆ ಸರ್ಟಿಫಿಕೇಟ್, ಆದಾಯದ ಕಾಗದ, ಡಾಕ್ಟರ್ ಸರ್ಟಿಫಿಕೇಟ್, ಪೊಲೀಸ್ ವೆರಿಫಿಕೇಶನ್ ಎಲ್ಲ ಆಯಿತು. ಆಮೇಲೆ ಮನೆ ನೋಡೋಕೆ ಇಬ್ಬರು ಬಂದರು. ಯಜಮಾನರನ್ನು, ನನ್ನನ್ನು, ಅತ್ತೆಯನ್ನು ಬೇರೆ ಬೇರೆ ಕೂರಿಸಿ ಮಾತಾಡಿಸಿದರು. ಮಗನಿಗೆ ಫೋನ್ ಮಾಡಿದರು. ಪಕ್ಕದ ಮನೆಯವರನ್ನೂ ಕೇಳಿದರು. ಬಂದಿದ್ದ ಮೇಡಂ ಬಚ್ಚಲುಮನೆ ಬಾಗಿಲಿನ ಚಿಲಕ ಒಳಗಿಂದ ಸರಿಯಾಗಿ ಬೀಳುತ್ತಾ ಅಂತ ಎರಡು ಸಲ ಹಾಕಿ ತೆಗೆದು ನೋಡಿದರು. ಬೇರೆ ಏನು ಕೇಳಿದರೋ ಮರೆತುಹೋಯಿತು, ಆ ಚಿಲಕದ ಸದ್ದು ಮಾತ್ರ ಇನ್ನೂ ಕಿವಿಯಲ್ಲಿದೆ.

ಈಗ ಒಬ್ಬಳು ಹುಡುಗಿಯ ಬಗ್ಗೆ ಹೇಳಿದ್ದಾರೆ. ಹನ್ನೊಂದು ವರ್ಷ. ಅಪ್ಪ ಇಲ್ಲ. ಅಮ್ಮನಿಗೆ ಮನೋರೋಗ, ಚಿಕಿತ್ಸೆ ನಡೀತಾ ಇದೆ. ಎರಡು ಸಲ ಭೇಟಿ ಮಾಡಿ ಬಂದೆವು. ಅತ್ತೆಯದು ಒಂದೇ ಪ್ರಶ್ನೆ. 'ನಾಳೆ ಅವರಮ್ಮ ಬಂದು ಕರ್ಕೊಂಡು ಹೋದ್ರೆ?' ನನ್ನ ಹತ್ತಿರ ಉತ್ತರ ಇಲ್ಲ. ಹಾಗೆ ಕರ್ಕೊಂಡು ಹೋಗಬಹುದಾ? ಮುಂದೆ ನಾವು ದತ್ತು ತಗೋಬಹುದಾ? ಸ್ಕೂಲಿನಲ್ಲಿ ಯಾರ ಹೆಸರು ಬರೆಸಬೇಕು?

ಸೀದಾಸಾದಾ:
ಅಕ್ಕಾ, ಇಷ್ಟೆಲ್ಲ ತಲೆಬಿಸಿ ಯಾಕೆ? ಆ ತಾಯಿಯನ್ನೇ ಹುಡುಕಿ ಮಾತಾಡಿ. ನಮ್ಮ ಕಡೆ ಒಬ್ಬರು 100 ರೂಪಾಯಿ ಸ್ಟಾಂಪ್ ಪೇಪರ್ ಮೇಲೆ ಬರೆಸಿಕೊಂಡು, ನೋಟರಿ ಮಾಡಿಸಿಕೊಂಡು ದತ್ತು ತಗೊಂಡರು. ಒಂದೇ ದಿನದಲ್ಲಿ ಮುಗೀತು. ಮಗು ಈಗ ಆರಾಮಾಗಿದೆ.

ಕರಿಕೋಟು:
ಮೇಲಿನವರ ಸಲಹೆ ಕೇಳಿದರೆ ನಮ್ಮಂಥ ವಕೀಲರಿಗೆ ಒಳ್ಳೆ ದುಡ್ಡು, ನಿಮಗೆ ಮಾತ್ರ ಕೋರ್ಟು.

ಆ ನೋಟರಿ ಕಾಗದಕ್ಕೆ ದತ್ತು ಅಂತ ಬೆಲೆ ಇಲ್ಲ. ಕೆಲವರು 1956ರ ಹಿಂದೂ ದತ್ತಕ ಕಾಯ್ದೆ ಹೆಸರು ಹೇಳುತ್ತಾರೆ. ಅದು ನಿಜವಾದ ಕಾಯ್ದೆಯೇ. ಆದರೆ ಅದರಲ್ಲೂ ಮಗುವನ್ನು ಕೊಡುವ ತಾಯಿಗೆ ಅರಿವಿದ್ದು ಒಪ್ಪಿಗೆ ಇರಬೇಕು, ಗಾರ್ಡಿಯನ್ ಕೊಡುವುದಾದರೆ ಕೋರ್ಟಿನ ಅನುಮತಿ ಬೇಕು. ಇಲ್ಲಿ ತಾಯಿ ಚಿಕಿತ್ಸೆಯಲ್ಲಿದ್ದಾರೆ, ಮಗು ಮಕ್ಕಳ ಕಲ್ಯಾಣ ಸಮಿತಿಯ, ಅಂದರೆ ಇಂಥ ಮಕ್ಕಳ ವಿಷಯ ತೀರ್ಮಾನಿಸುವ ಜಿಲ್ಲೆಯ ಸಮಿತಿಯ, ಸುಪರ್ದಿಯಲ್ಲಿದೆ. ಅವರ ಹತ್ತಿರ ಹೋಗಿ ಸಹಿ ಹಾಕಿಸಿಕೊಂಡರೆ ಅದು ದತ್ತು ಅಲ್ಲ, ಬೇರೆಯೇ ಕೇಸು. 2015ರ ಬಾಲನ್ಯಾಯ ಕಾಯ್ದೆಯಲ್ಲಿ ಸೆಕ್ಷನ್ 80 ನೋಡಿ. ಅನಾಥ, ಹೆತ್ತವರು ತೊರೆದ, ಹೆತ್ತವರೇ ಸಮಿತಿಗೆ ಒಪ್ಪಿಸಿದ ಮಕ್ಕಳನ್ನು ಕ್ರಮ ಬಿಟ್ಟು ದತ್ತು ಕೊಟ್ಟರೂ ತಗೊಂಡರೂ ಮೂರು ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ದಂಡ, ಇಲ್ಲವೇ ಎರಡೂ. ದುಡ್ಡು ಕೈ ಬದಲಾಗಿದ್ದರೆ ಸೆಕ್ಷನ್ 81, ಐದು ವರ್ಷದವರೆಗೆ ಹೋಗುತ್ತದೆ.

ತೆಂಗಿನತೋಟ ಮೇಡಂ, ಈಗ ನಿಮ್ಮ ವಿಷಯ. ನಿಮಗೆ ಬೇಕಾದದ್ದೆಲ್ಲ ಅದೇ ಕಾಯ್ದೆಯ ಸೆಕ್ಷನ್ 44ರಲ್ಲಿದೆ, ಒಂದೂವರೆ ಪುಟ. ಹೆತ್ತವರಿಗೆ ಸದ್ಯ ಮಗುವನ್ನು ನೋಡಿಕೊಳ್ಳುವ ಶಕ್ತಿ ಇಲ್ಲ ಎಂದು ಸಮಿತಿ ಕಂಡುಕೊಂಡು ಪೋಷಕತ್ವಕ್ಕೆ ಕಳಿಸಿದ್ದರೆ, ಅವರು ಆಗಾಗ ಬಂದು ಮಗುವನ್ನು ನೋಡಬಹುದು. ಭೇಟಿ ಬೇಡ ಎಂದರೆ ಸಮಿತಿ ಕಾರಣ ಬರೆದಿಡಬೇಕು. ತಾಯಿ ಸುಧಾರಿಸಿದ್ದಾರೆ ಎಂದು ಸಮಿತಿಗೆ ಮನವರಿಕೆ ಆದರೆ ಮಗು ವಾಪಸ್ ಹೋಗಬಹುದು. ತಾಯಿಯೇ ಬಂದು ನಿಮ್ಮ ಬಾಗಿಲು ತಟ್ಟಿ ಕೈ ಹಿಡಿದು ಕರ್ಕೊಂಡು ಹೋಗುವ ಹಾಗಿಲ್ಲ. ನೀವೂ ಸಮಿತಿಗೆ ಹೇಳದೆ ಒಪ್ಪಿಸುವ ಹಾಗಿಲ್ಲ.

ಇನ್ನು ದತ್ತು. ಸೆಕ್ಷನ್ 44ರಲ್ಲೇ ಒಂದು ಸಾಲಿದೆ. ದತ್ತು ಕೊಡಬಹುದಾದ ಮಗುವನ್ನು ದೀರ್ಘಾವಧಿ ಪೋಷಕತ್ವಕ್ಕೆ ಕೊಡಬಾರದು. ಅಂದರೆ ನಿಮ್ಮ ಹತ್ತಿರ ಬರುತ್ತಿರುವ ಹುಡುಗಿ ಇವತ್ತಿನ ಮಟ್ಟಿಗೆ ದತ್ತು ಕೊಡುವ ಮಗು ಅಲ್ಲ, ಅದಕ್ಕೇ ಬರುತ್ತಿದ್ದಾಳೆ. ಮುಂದೆ ಎಂದಾದರೂ ಸಮಿತಿ ಅವಳನ್ನು 'ದತ್ತುಮುಕ್ತ', ಅಂದರೆ ದತ್ತು ಕೊಡಬಹುದಾದ ಮಗು, ಎಂದು ಘೋಷಿಸಿದರೆ ನಿಮಗೆ ಅವಕಾಶ ಇದೆ. ಮೊದಲು ಐದು ವರ್ಷ ಸಾಕಿರಬೇಕಿತ್ತು, 2024ರ ಹೊಸ ಮಾರ್ಗಸೂಚಿ ಅದನ್ನು ಎರಡು ವರ್ಷಕ್ಕೆ ಇಳಿಸಿದೆ. ದತ್ತು ಆದೇಶ ಕೊಡುವವರು ಈಗ ಕೋರ್ಟ್ ಅಲ್ಲ, ಜಿಲ್ಲಾಧಿಕಾರಿ. ಅದು 2021ರ ತಿದ್ದುಪಡಿ, 2022ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ.

ಅನುಮಾನಪ್ಪ:
ಎಲ್ಲ ಸರಿ. ಪೋಷಕತ್ವಕ್ಕೆ ಸರ್ಕಾರದಿಂದ ತಿಂಗಳಿಗೆ 4000 ರೂಪಾಯಿ ಬರುತ್ತೆ ಅಂತ ಹುಡುಗಿ ಕರ್ಕೊಂಡು ಬಂದು ಪಾತ್ರೆ ತಿಕ್ಕಿಸುವವರು ಎಷ್ಟು ಜನ ಇಲ್ಲ? ಹನ್ನೊಂದು ವರ್ಷದ ಹೆಣ್ಣುಮಗು ಅಂದ್ರೆ ಕೆಲಸಕ್ಕೆ ಸರಿಯಾದ ವಯಸ್ಸು. ತೆಂಗಿನತೋಟ ಅವರ ಬಗ್ಗೆ ಹೇಳ್ತಾ ಇಲ್ಲ, ಒಟ್ಟಾರೆ ಹೇಳಿದೆ.

ತೆಂಗಿನತೋಟ:
ಒಟ್ಟಾರೆ ಅಂದರೂ ಚುಚ್ಚಿತು ಸರ್. ಆದರೆ ನೀವು ಕೇಳಿದ್ದು ತಪ್ಪಲ್ಲ. ನಮ್ಮ ಬೀದಿಯಲ್ಲೇ ಒಬ್ಬರು 'ಒಳ್ಳೇದಾಯ್ತು ಬಿಡು, ಅತ್ತೆಯನ್ನ ನೋಡ್ಕೊಳ್ಳೋಕೆ ಒಂದು ಹುಡುಗಿ ಸಿಕ್ಕಿತು' ಅಂದರು. ಅವತ್ತು ರಾತ್ರಿ ಊಟ ಸೇರಲಿಲ್ಲ.

ಮಾಜಿ ಸದಸ್ಯೆ:
ನಾನು ಒಂದು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯಲ್ಲಿ ಮೂರು ವರ್ಷ ಇದ್ದವಳು. ಅನುಮಾನಪ್ಪನವರ ಅನುಮಾನ ಸಮಿತಿಗೂ ಇರುತ್ತದೆ, ಇರಲೇಬೇಕು. ಚಿಲಕ ನೋಡಿದ ಮೇಡಂಗೆ ನನ್ನ ನಮಸ್ಕಾರ ತಿಳಿಸಿ. ಸಮಿತಿ ಪ್ರತಿ ತಿಂಗಳು ಪೋಷಕ ಕುಟುಂಬವನ್ನು ಪರಿಶೀಲಿಸಬೇಕು ಎಂದು ಕಾಯ್ದೆಯೇ ಹೇಳುತ್ತದೆ. ಸರಿಯಾಗಿ ನೋಡಿಕೊಳ್ಳುತ್ತಿಲ್ಲ ಎಂದು ಕಂಡರೆ ಮಗುವನ್ನು ತೆಗೆದು ಬೇರೆ ಕುಟುಂಬಕ್ಕೆ ಕಳಿಸಬೇಕು. ಪ್ರತಿ ತಿಂಗಳೂ ನಾವು ಹೋಗುತ್ತಿದ್ದೆವಾ ಎಂದು ಕೇಳಿದರೆ, ಇಲ್ಲ. ಒಂದು ಗಾಡಿ, ಅದೂ ಬೇರೆ ಮೀಟಿಂಗ್‌ಗೆ ಹೋಗಿರುತ್ತಿತ್ತು. ಸುಳ್ಳು ಹೇಳಿ ಏನಾಗಬೇಕು.

ನಾನು ಬರೆದದ್ದು ಬೇರೆ ಎರಡು ಕಾರಣಕ್ಕೆ. ಒಂದು, ನಿಮ್ಮ ಪೋಸ್ಟ್‌ನಲ್ಲಿ ಊರಿನ ಹೆಸರು ಮತ್ತು ಸ್ಕೂಲಿನ ಹೆಸರು ಇದೆ. ದಯವಿಟ್ಟು ಈಗಲೇ ತೆಗೆಯಿರಿ. ರಕ್ಷಣೆಯಲ್ಲಿರುವ ಮಗುವಿನ ಗುರುತು ಗೊತ್ತಾಗುವ ಯಾವ ವಿವರವನ್ನೂ ಹಾಕಬಾರದು. ಸೆಕ್ಷನ್ 74. ಪೇಪರ್ ಟಿವಿಗಷ್ಟೇ ಅಲ್ಲ, ಬೇರೆ ಮಾಧ್ಯಮಗಳಿಗೂ ಅನ್ವಯಿಸುತ್ತದೆ. ಆರು ತಿಂಗಳವರೆಗೆ ಜೈಲು ಅಥವಾ 2 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಹುಡುಗಿ ಮನೆಗೆ ಬಂದ ದಿನ ಆರತಿ ಎತ್ತಿದ ಫೋಟೊ ಸ್ಟೇಟಸ್‌ಗೆ ಹಾಕುವ ಆಸೆ ಎಲ್ಲರಿಗೂ ಬರುತ್ತದೆ. ಹಾಕಬೇಡಿ.

ಎರಡನೆಯದು. ನಿಮ್ಮ ಪೋಸ್ಟ್ ಪೂರ್ತಿ ಓದಿದೆ. ಯಜಮಾನರು ಏನಂದರು, ಅತ್ತೆ ಏನಂದರು, ಪಕ್ಕದ ಮನೆಯವರು ಏನಂದರು ಎಲ್ಲ ಇದೆ. ಹುಡುಗಿ ಏನಂದಳು? ಅವಳನ್ನು ಯಾರಾದರೂ ಕೇಳಿದರಾ?

ತೆಂಗಿನತೋಟ:
ಊರಿನ ಹೆಸರು ತೆಗೆದಿದ್ದೇನೆ ಮೇಡಂ, ಗೊತ್ತಿರಲಿಲ್ಲ, ಕ್ಷಮಿಸಿ.

ಎರಡನೆಯದಕ್ಕೆ ಏನು ಹೇಳಲಿ. ಕೇಳಿಲ್ಲ. ಎರಡು ಸಲ ಹೋದಾಗಲೂ ಬಿಸ್ಕೆಟ್ ಕೊಟ್ಟು, 'ಯಾವ ಸಬ್ಜೆಕ್ಟ್ ಇಷ್ಟ' ಅಂತ ಕೇಳಿ ಬಂದಿದ್ದೇವೆ.

ಜೂನ್ ಒಂದು:
ಅಕ್ಕಾ, ನಾನು ಬಾಲಮಂದಿರದಲ್ಲಿ ಬೆಳೆದವನು. ಆರನೇ ವಯಸ್ಸಿನಿಂದ ಹದಿನೆಂಟರವರೆಗೆ. ನನ್ನ ಈ ಹೆಸರು ಯಾಕೆ ಅಂತ ಹಳೆ ಮಂದಿಗೆ ಗೊತ್ತಾಗಿರಬೇಕು. ಹುಟ್ಟಿದ ದಿನ ಗೊತ್ತಿಲ್ಲದಿದ್ದರೆ ಶಾಲೆಯಲ್ಲಿ ಜೂನ್ 1 ಅಂತ ಬರೆಸುತ್ತಿದ್ದರು. ನಮ್ಮ ರೂಮಿನಲ್ಲಿ ಹದಿನಾಲ್ಕು ಹುಡುಗರು, ಒಂಬತ್ತು ಜನರ ಹುಟ್ಟುಹಬ್ಬ ಜೂನ್ 1. ಒಂದೇ ದಿನ, ಒಂದೇ ಕೇಕು.

ಬಿಸ್ಕೆಟ್ ಕೊಟ್ಟು ಸಬ್ಜೆಕ್ಟ್ ಕೇಳುವವರನ್ನು ನಾವು 'ಊಟದ ಮಂದಿ' ಅಂತ ಕರೆಯುತ್ತಿದ್ದೆವು. ತಿಥಿ, ಬರ್ತ್‌ಡೇ, ಮದುವೆ ವಾರ್ಷಿಕೋತ್ಸವ. ಫೋಟೊ ತೆಗೆಸಿಕೊಂಡು ಹೋಗುತ್ತಿದ್ದರು. ಬೇಜಾರಿಲ್ಲ, ಜಾಮೂನು ಸಿಗುತ್ತಿತ್ತು.

ನಿಮಗೆ ಕೆಲವು ವಿಷಯ ಹೇಳಬೇಕು. ಕಾನೂನಿನದ್ದಲ್ಲ. ಅವಳು ನಿಮ್ಮನ್ನು ಮೊದಲ ದಿನವೇ 'ಅಮ್ಮ' ಅನ್ನಬಹುದು. ಹಿಗ್ಗಬೇಡಿ. ಮಂದಿರದಲ್ಲಿ ಗೃಹಮಾತೆಯರನ್ನೆಲ್ಲ ಅಮ್ಮ ಅಂತಲೇ ಕರೆಯುವುದು. ನಮಗೆ ಡ್ಯೂಟಿ ಬದಲಾದಾಗೆಲ್ಲ ಅಮ್ಮನೂ ಬದಲಾಗುತ್ತಿದ್ದರು. ಅಮ್ಮ ಅನ್ನದೇ ಆಂಟಿ ಅಂದರೂ ಕೊರಗಬೇಡಿ.

ದಿಂಬಿನ ಕೆಳಗೆ ಚಪಾತಿ ಸಿಗಬಹುದು. ಬೈಯಬೇಡಿ, ಸುಮ್ನೆ ಇರಿ. ಒಂದು ಡಬ್ಬಿ ಕೊಟ್ಟು 'ಇದರಲ್ಲಿ ಇಟ್ಕೋ, ಇರುವೆ ಬರಲ್ಲ' ಅನ್ನಿ. ನೀರು ಕುಡಿಯೋಕೂ ಕೇಳಿಕೊಂಡು ಕುಡಿಯುತ್ತಾಳೆ. ಲೈಟ್ ಸ್ವಿಚ್ ಮುಟ್ಟೋಕೂ ಕೇಳುತ್ತಾಳೆ. ನಮ್ಮಲ್ಲಿ ಒಂಬತ್ತಕ್ಕೆ ವಾರ್ಡನ್ ಲೈಟ್ ಆರಿಸುತ್ತಿದ್ದರು. ನನ್ನ ಮೊದಲ ಬಾಡಿಗೆ ರೂಮಿನಲ್ಲಿ ರಾತ್ರಿ ಹನ್ನೆರಡಕ್ಕೆ ಸುಮ್ಮಸುಮ್ಮನೆ ಲೈಟ್ ಹಾಕಿ, ಆರಿಸಿ, ಹಾಕಿ ನೋಡಿದ್ದೇನೆ. ಓನರ್ ಬಂದು ಕೇಳಿದರು, ಏನಪ್ಪಾ ವೈರಿಂಗ್ ತೊಂದರೆನಾ ಅಂತ.

ಇನ್ನೊಂದು. ಪುಣ್ಯದ ಕೆಲಸ ಅಂತ ಅವಳ ಮುಂದೆ ಯಾರೂ ಅನ್ನದ ಹಾಗೆ ನೋಡ್ಕೊಳ್ಳಿ. ನಿಮಗೆ ಬರುವ ಪುಣ್ಯಕ್ಕೆ ಅವಳು ಜೀವನಪೂರ್ತಿ ಬಡ್ಡಿ ಕಟ್ಟಬೇಕಾಗುತ್ತೆ.

ಸೀದಾಸಾದಾ:
ನಾನು ಬರೆದದ್ದಕ್ಕೆ ಸಾರಿ. ತಿಳೀದೆ ಬರೆದೆ. ಆದರೂ ಒಂದು ಮಾತು. ಸಾಕಿದವರೇ ದೊಡ್ಡವರಲ್ವಾ? ಯಶೋದೆಯನ್ನು ನೆನೆಯದ ಮನೆ ಇದೆಯಾ?

ಮಾಜಿ ಸದಸ್ಯೆ:
ನಮ್ಮ ಹತ್ತಿರ ಬರುತ್ತಿದ್ದ ಹತ್ತು ದಂಪತಿಗಳಲ್ಲಿ ಎಂಟು ಜನ ಯಶೋದೆ ಹೆಸರು ಹೇಳುತ್ತಿದ್ದರು. ಕೃಷ್ಣ ಮಥುರೆಗೆ ಹೊರಟ ಮೇಲೆ ಅವಳ ಗತಿ ಏನಾಯಿತು ಅಂತ ಕೇಳಿದರೆ ಸುಮ್ಮನಾಗುತ್ತಿದ್ದರು. ಪೋಷಕತ್ವ ಇರುವುದೇ ಆ ಮಥುರೆಯ ದಿನಕ್ಕೆ. ಮಗುವನ್ನು ಮತ್ತೆ ಅದರ ಮನೆ ಸೇರಿಸುವುದೇ ಮೊದಲ ಗುರಿ ಎಂದು ಕಾಯ್ದೆ ಹೇಳುತ್ತದೆ. ಬಾಲಮಂದಿರ ಕೊನೆಯ ದಾರಿ ಆಗಬೇಕು ಎಂದೂ ಹೇಳುತ್ತದೆ. ಈ ಎರಡರ ನಡುವಿನ ಜಗುಲಿ ನೀವು.

ಒಂದು ಘಟನೆ ಹೇಳುತ್ತೇನೆ, ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಒಬ್ಬಳು ತಾಯಿ ಎರಡು ವರ್ಷದ ನಂತರ ಮಗಳನ್ನು ನೋಡೋಕೆ ನಮ್ಮ ಕಚೇರಿಗೆ ಬಂದಳು. ಕೈಯಲ್ಲಿ ಪ್ಲಾಸ್ಟಿಕ್ ಕವರು, ಒಳಗೆ ಕೆಂಪು ಫ್ರಾಕು. ಅವಳು ಬಿಟ್ಟುಹೋದಾಗ ಮಗುವಿಗೆ ಆರು ವರ್ಷ. ಫ್ರಾಕು ಆರು ವರ್ಷದ ಅಳತೆಯದೇ. ಹುಡುಗಿಗೆ ಆಗ ಎಂಟು. ಅವಳು ಫ್ರಾಕನ್ನು ಚೂಡಿದಾರದ ಮೇಲೆಯೇ ತಲೆಯಿಂದ ಇಳಿಸಿಕೊಳ್ಳೋಕೆ ನೋಡಿದಳು. ಭುಜದಲ್ಲಿ ಸಿಕ್ಕಿಕೊಂಡಿತು. 'ಆಗುತ್ತೆ, ಆಗುತ್ತೆ' ಅಂತ ಎಳೆದುಕೊಳ್ಳುತ್ತಲೇ ಇದ್ದಳು. ನಮಗೆ ಯಾರಿಗೂ ಏನು ಮಾಡಬೇಕೋ ತೋಚಲಿಲ್ಲ. ಸಾಕುತ್ತಿದ್ದ ಹೆಂಗಸು ಟೈಲರಿಂಗ್ ಮಾಡುವವರು. ಎದ್ದು ಬಂದು, ಅಕ್ಕಾ, ಇದರಲ್ಲಿ ಒಳಗೆ ಬಟ್ಟೆ ಬಿಟ್ಟಿದ್ದಾರೆ, ಎರಡೂ ಕಡೆ ಹೊಲಿಗೆ ಬಿಚ್ಚಿದರೆ ಸರಿಹೋಗುತ್ತೆ, ಬರೋ ಸಲ ಹಾಕಿಸಿಕೊಂಡು ಬರ್ತೀನಿ ಅಂದರು. ಆ ತಾಯಿಯ ಮುಖ ನೀವು ನೋಡಬೇಕಿತ್ತು.

ಆಮೇಲೆ ಆ ಹುಡುಗಿ ತಾಯಿಯ ಹತ್ತಿರ ಹೋದಳು. ಟೈಲರಮ್ಮ ಒಂದು ತಿಂಗಳು ಮಿಷನ್ ತುಳಿಯಲಿಲ್ಲ. ಅದೂ ನಿಜ.

ಹಡ್ಸನ್ ದಂಡೆ:
ನಾನು ಶಿವಮೊಗ್ಗದವಳು, ಈಗ ನ್ಯೂಜೆರ್ಸಿಯಲ್ಲಿದ್ದೇನೆ. ಇಲ್ಲಿ ನಾವು ಫಾಸ್ಟರ್ ಪೇರೆಂಟ್ ಲೈಸೆನ್ಸ್ ತಗೊಂಡಿದ್ದೇವೆ. ಇಲ್ಲಿಯೂ ಮೊದಲ ಗುರಿ ವಾಪಸ್ ಕಳಿಸುವುದೇ. ಆದರೆ 1997ರ ಒಂದು ಕಾಯ್ದೆ ಪ್ರಕಾರ, ಕೊನೆಯ 22 ತಿಂಗಳಲ್ಲಿ 15 ತಿಂಗಳು ಮಗು ಹೊರಗೇ ಇದ್ದರೆ, ಹೆತ್ತವರ ಹಕ್ಕು ರದ್ದು ಮಾಡೋಕೆ ಸರ್ಕಾರ ಕೋರ್ಟಿಗೆ ಅರ್ಜಿ ಹಾಕಬೇಕು. ಕೆಲವು ವಿನಾಯಿತಿ ಇವೆ. ಗಡಿಯಾರ ಹಿಡಿದ ಹಾಗೆ. ನಮ್ಮ ಕಡೆಯ ಕಾಯ್ದೆಯಲ್ಲಿ ಈ ಗಡಿಯಾರ ಇಲ್ಲ. ಒಳ್ಳೆಯದೋ ಕೆಟ್ಟದ್ದೋ ನನಗೆ ಇನ್ನೂ ತೀರ್ಮಾನ ಆಗಿಲ್ಲ. ಜೈಲಿನಲ್ಲಿರುವ, ಚಟ ಬಿಡಿಸಿಕೊಳ್ಳುತ್ತಿರುವ ತಾಯಂದಿರಿಗೆ 15 ತಿಂಗಳು ಏನೇನೂ ಸಾಲಲ್ಲ. ಮಗುವಿಗೆ ಮಾತ್ರ ಅದು ಒಂದು ಯುಗ.

ನಮ್ಮ ಮನೆಗೆ ಬಂದ ಮೊದಲ ಹುಡುಗ ಬಟ್ಟೆಯನ್ನೆಲ್ಲ ಕಪ್ಪು ಕಸದ ಚೀಲದಲ್ಲಿ ತಂದಿದ್ದ. ಇಲ್ಲಿ ಇದು ಮಾಮೂಲಿ ಅಂತೆ. ನಾನು ಆ ಚೀಲ ಎಸೆದು ಹೊಸ ಬ್ಯಾಗ್ ಕೊಟ್ಟೆ. ಅವನು ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ. ಚೀಲ ಅವನದ್ದಾಗಿತ್ತು.

ಜೂನ್ ಒಂದು:
ನಮಗೆ ಕಬ್ಬಿಣದ ಟ್ರಂಕು. ಬೀಗದ ಕೈ ಉಡದಾರಕ್ಕೆ. ಅಕ್ಕಾ, ಅವಳ ಟ್ರಂಕ್ ಮಾತ್ರ ತೆಗೆದು ನೋಡಬೇಡಿ, ಧೂಳು ಒರೆಸೋಕೂ.

ಜೋಳದ ರೊಟ್ಟಿ:
ನಮಸ್ಕಾರ್ರೀ, ನಾನು ಧಾರವಾಡದ ಕಡೆಯವಳು. ನನ್ನ ಮಗಳು ತೀರಿಕೊಂಡ ಮೇಲೆ ಎರಡು ಮೊಮ್ಮಕ್ಕಳು ನನ್ನ ಹತ್ತಿರ ಇದ್ದಾವ. ಅಳಿಯ ಬ್ಯಾರೆ ಮದುವಿ ಆಗ್ಯಾನ. ಪೋಷಕತ್ವ ಅಂತ ಕೇಳಿಕೊಂಡು ಒಂದು ಕಚೇರಿಗೆ ಹೋದೆ. ನೀವು ಅಜ್ಜಿ, ನಿಮಗೆ ಬರಲ್ಲ ಅಂತ ಕಳಿಸಿಬಿಟ್ಟರು. ಬ್ಯಾರೆಯವರು ಸಾಕಿದ್ರ 4000, ಅಜ್ಜಿ ಸಾಕಿದ್ರ ಏನೂ ಇಲ್ಲಂದ್ರ ಯಾವ ನ್ಯಾಯರೀ ಇದು?

ಕರಿಕೋಟು:
ಅಮ್ಮಾ, ಅವರು ಅರ್ಧ ಹೇಳಿ ಕಳಿಸಿದ್ದಾರೆ. ಪೋಷಕತ್ವ ಅಂದರೆ ಮಗುವಿನ ಸ್ವಂತ ಕುಟುಂಬ ಬಿಟ್ಟು ಬೇರೆ ಕುಟುಂಬ ಎಂದು ಕಾಯ್ದೆಯ ವ್ಯಾಖ್ಯೆ. ಅಲ್ಲಿಯವರೆಗೆ ಅವರ ಮಾತು ಸರಿ. ನಿಮಗೆ ಅನ್ವಯಿಸುವುದು ಸೆಕ್ಷನ್ 45, 'ಪ್ರಾಯೋಜಕತ್ವ', ಅಂದರೆ ಮಗು ತನ್ನವರ ಹತ್ತಿರವೇ ಇರುವಾಗ ಅದರ ಖರ್ಚಿಗೆ ಕೊಡುವ ನೆರವು. ಅದೂ ಕೇಂದ್ರದ ಮಕ್ಕಳ ರಕ್ಷಣಾ ಯೋಜನೆ ಮಿಷನ್ ವಾತ್ಸಲ್ಯದಲ್ಲೇ ಬರುತ್ತದೆ, ಮೊತ್ತವೂ ಅಷ್ಟೇ, ಮಗುವಿಗೆ ತಿಂಗಳಿಗೆ 4000. ಕುಟುಂಬದ ವಾರ್ಷಿಕ ಆದಾಯ ಹಳ್ಳಿಯಲ್ಲಿ 72,000, ಪಟ್ಟಣದಲ್ಲಿ 96,000 ದಾಟಿರಬಾರದು ಎನ್ನುವ ಮಿತಿ ಇದೆ. ಅದೇ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೇ ಹೋಗಿ, 'ಪ್ರಾಯೋಜಕತ್ವ' ಎನ್ನುವ ಪದವನ್ನೇ ಹೇಳಿ. ಅರ್ಜಿ ಕೊಟ್ಟು ಸ್ವೀಕೃತಿ ತಗೊಳ್ಳಿ. ಬಾಯಿಮಾತಿಗೆ ವಾಪಸ್ ಬರಬೇಡಿ.

ಜೋಳದ ರೊಟ್ಟಿ:
ಪದ ಬರಕೊಂಡೇನ್ರೀ. ಒಂದು ಪದ ಗೊತ್ತಿಲ್ಲಂತ ಒಂದು ವರ್ಷ ಹೋತು ನೋಡ್ರೀ.

ಬಾಲ್ಕನಿ ತುಳಸಿ:
ಮಧ್ಯೆ ಬಾಯಿ ಹಾಕ್ತಾ ಇದ್ದೇನೆ. ನನಗೆ 38, ಮದುವೆ ಆಗಿಲ್ಲ, ಆಗುವ ಅಂದಾಜೂ ಇಲ್ಲ. ಬೆಂಗಳೂರಿನಲ್ಲಿ ಎರಡು ಬೆಡ್‌ರೂಮ್ ಮನೆ. ನನ್ನಂಥವರಿಗೆ ಪೋಷಕತ್ವ ಕೊಡ್ತಾರಾ? ಕೆಲವು ವರ್ಷದ ಹಿಂದೆ ಕೇಳಿದಾಗ 'ಗಂಡನ್ನ ಕರ್ಕೊಂಡು ಬನ್ನಿ' ಅಂದಿದ್ದರು. ತಮಾಷೆ ಅಲ್ಲ, ಹಾಗೇ ಅಂದಿದ್ದರು.

ಕರಿಕೋಟು:
ಆಗ ನಿಯಮ ಹಾಗೇ ಇತ್ತು, 2016ರ ಮಾರ್ಗಸೂಚಿಯಲ್ಲಿ ದಂಪತಿಗಳಿಗೆ ಮಾತ್ರ. 2024ರಲ್ಲಿ ಬದಲಾಗಿದೆ. 35ರಿಂದ 60ರೊಳಗಿನ ಒಂಟಿ ವ್ಯಕ್ತಿಗಳೂ ಅರ್ಜಿ ಹಾಕಬಹುದು. ಮದುವೆ ಆಗದವರು, ವಿಧವೆಯರು, ವಿಚ್ಛೇದನ ಆದವರು ಎಲ್ಲರೂ. ಒಂಟಿ ಹೆಂಗಸಿಗೆ ಗಂಡುಮಗು, ಹೆಣ್ಣುಮಗು ಯಾವುದಾದರೂ ಸರಿ. ಒಂಟಿ ಗಂಡಸಿಗೆ ಗಂಡುಮಗು ಮಾತ್ರ. ದಂಪತಿಗಳಾದರೆ ಕನಿಷ್ಠ ಎರಡು ವರ್ಷ ಸ್ಥಿರವಾದ ದಾಂಪತ್ಯ ಇರಬೇಕು. ಮಕ್ಕಳು ಆರು ವರ್ಷ ದಾಟಿದವರು. ಎಳೆಕೂಸು ಬೇಕು ಎಂದು ಬರುವವರಿಗೆ ಇದು ದಾರಿಯಲ್ಲ.

ಸೀಮೆಸುಣ್ಣ:
ನಾನು ಸರ್ಕಾರಿ ಶಾಲೆ ಟೀಚರ್. ತೆಂಗಿನತೋಟ ಅವರ ಸ್ಕೂಲ್ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ.

ತಂದೆ ಕಾಲಂನಲ್ಲಿ ನಿಮ್ಮ ಯಜಮಾನರ ಹೆಸರು ಬರೆಸಬೇಡಿ. ಎಷ್ಟೋ ಜನ ಪ್ರೀತಿಯಿಂದಲೇ ಬರೆಸಿ ಆಮೇಲೆ ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡಿನವರೆಗೆ ಒದ್ದಾಡಿದ್ದಾರೆ. ಹುಡುಗಿಯ ಹೆಸರು, ಇನಿಷಿಯಲ್, ಹೆತ್ತವರ ಹೆಸರು ಮೊದಲಿದ್ದ ಹಾಗೇ ಇರಲಿ. ನಿಮ್ಮ ಹೆಸರು ಪೋಷಕರು ಎನ್ನುವ ಜಾಗದಲ್ಲಿ ಬರಲಿ, ಜೊತೆಗೆ ಸಮಿತಿಯ ಆದೇಶದ ಪ್ರತಿ ಕೊಡಿ. ಹಳೇ ಶಾಲೆಯಿಂದ ಅವಳ ಸ್ಯಾಟ್ಸ್ ನಂಬರ್ (ಶಾಲಾ ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿ ಪ್ರತಿ ಮಗುವಿಗೆ ಇರುವ ಸಂಖ್ಯೆ) ಕೇಳಿ ತಗೊಳ್ಳಿ, ಅದಿದ್ದರೆ ವರ್ಗಾವಣೆ ಸಲೀಸು. ಟಿ.ಸಿ. ತಡವಾಯಿತು, ಜನನ ಪ್ರಮಾಣಪತ್ರ ಇಲ್ಲ ಅಂತ ಯಾರಾದರೂ ಸೇರಿಸಿಕೊಳ್ಳಲ್ಲ ಅಂದರೆ 2009ರ ಶಿಕ್ಷಣ ಹಕ್ಕು ಕಾಯ್ದೆ ಓದೋಕೆ ಹೇಳಿ. ಆ ಕಾರಣಕ್ಕೆ ನಿರಾಕರಿಸುವ ಹಾಗಿಲ್ಲ. ಜಾತಿಯೂ ಅಷ್ಟೇ, ಅವಳ ಹುಟ್ಟಿನದ್ದೇ ಇರುತ್ತದೆ, ನಿಮ್ಮದಾಗುವುದಿಲ್ಲ. ಸ್ಕಾಲರ್‌ಶಿಪ್ ಸಮಯದಲ್ಲಿ ಇದು ಬೇಕಾಗುತ್ತೆ.

ಆದೇಶವನ್ನು ಹತ್ತು ಕಾಪಿ ಜೆರಾಕ್ಸ್ ಮಾಡಿಸಿ ಇಟ್ಕೊಳ್ಳಿ. ಆಸ್ಪತ್ರೆ, ಬ್ಯಾಂಕು, ಶಾಲೆ ಟ್ರಿಪ್ಪು, ಎಲ್ಲದಕ್ಕೂ ಅದೇ ನಿಮ್ಮ ಆಧಾರ ಕಾರ್ಡು.

ಅನುಮಾನಪ್ಪ:
ಆಸ್ತಿ? ನಾಳೆ ತೆಂಗಿನ ತೋಟದಲ್ಲಿ ಪಾಲು ಕೇಳಿದರೆ?

ಕರಿಕೋಟು:
ನಿಮ್ಮಿಂದ ಇದು ಬರುತ್ತೆ ಅಂತ ಕಾಯ್ತಾ ಇದ್ದೆ. ಪೋಷಕತ್ವದಿಂದ ವಾರಸುದಾರಿಕೆ ಬರುವುದಿಲ್ಲ. ದತ್ತು ಆದರೆ ಬರುತ್ತದೆ. ಪ್ರೀತಿಯಿಂದ ಕೊಡಬೇಕು ಅನಿಸಿದರೆ ಉಯಿಲು ಬರೆಯಬಹುದು, ತಡೆಯುವವರಿಲ್ಲ. ಹುಡುಗಿಗೆ ತನ್ನ ತಂದೆ ಕಡೆಯಿಂದ ಏನಾದರೂ ಬರಬೇಕಿದ್ದರೆ ಅದು ಅವಳದ್ದೇ. ಅದನ್ನು ಚಿಕ್ಕಪ್ಪ ದೊಡ್ಡಪ್ಪಂದಿರು ನುಂಗಿರುವುದನ್ನೇ ನಾನು ಜಾಸ್ತಿ ನೋಡಿದ್ದೇನೆ. ತೋಟದಲ್ಲಿ ಪಾಲು ಕೇಳಿದ ಸಾಕುಮಕ್ಕಳನ್ನು ಇನ್ನೂ ನೋಡಿಲ್ಲ.

ಜೂನ್ ಒಂದು:
ನಾನೊಂದು ಕೇಳಬೇಕು. ಆ ಹುಡುಗಿಗೆ ಅಣ್ಣ ತಮ್ಮ ಯಾರಾದರೂ ಇದ್ದಾರಾ? ಕೇಳಿ ನೋಡಿ ಅಕ್ಕಾ. ಗಂಡುಹುಡುಗರ ಮಂದಿರ ಬೇರೆ, ಹೆಣ್ಣುಹುಡುಗಿಯರದ್ದು ಬೇರೆ. ನನ್ನ ತಂಗಿ ಹದಿನಾರು ಕಿಲೋಮೀಟರ್ ದೂರದಲ್ಲಿದ್ದಳು. ನಮ್ಮ ಕಡೆ ನಾಗರ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ. ವರ್ಷಕ್ಕೊಮ್ಮೆ ಆ ದಿನ ನನ್ನನ್ನು ಅವಳ ಮಂದಿರಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಅವಳು ಉಂಡಿ ತೆಗೆದಿಟ್ಟಿರುತ್ತಿದ್ದಳು. ನಾವೇ ತವರು, ನಾವೇ ನೆಂಟರು. ಒಂದು ವರ್ಷ ಗಾಡಿ ಸಿಗಲಿಲ್ಲ. ಆಮೇಲಿನ ವರ್ಷ ಅವಳು ನನ್ನನ್ನು 'ನೀವು' ಅಂದಳು.

ಮಾಜಿ ಸದಸ್ಯೆ:
ಒಡಹುಟ್ಟಿದವರನ್ನು ಒಂದೇ ಮನೆಯಲ್ಲಿಡಲು ಪ್ರಯತ್ನಿಸಬೇಕು ಎಂದು ಸೆಕ್ಷನ್ 44 ಹೇಳುತ್ತದೆ, ಬೇಡ ಎನ್ನಲು ಕಾರಣ ಇದ್ದಾಗ ಬಿಟ್ಟು. ಒಂದೇ ಮಗು ಸಾಕು ಎನ್ನುವವರೇ ಜಾಸ್ತಿ, ಹಾಗಾಗಿ ಎಷ್ಟೋ ಸಲ ಅದು ಕಾಗದದಲ್ಲೇ ಉಳಿಯುತ್ತದೆ. ನಾನೂ ಅಂಥ ಆದೇಶಗಳಿಗೆ ಸಹಿ ಹಾಕಿದ್ದೇನೆ ಕಣಪ್ಪಾ.

ತಂಗಿ ಈಗ ಹೇಗಿದ್ದಾಳೆ?

ಜೂನ್ ಒಂದು:
ಚೆನ್ನಾಗಿದ್ದಾಳೆ ಮೇಡಂ. ನರ್ಸಿಂಗ್ ಮುಗಿಸಿದಳು. 'ನೀವು' ಹೋಗಿ ಈಗ 'ಲೋ' ಆಗಿದೆ. ಹದಿನೆಂಟಾದ ಮೇಲೆ ನಾನು ಅನುಪಾಲನಾ ಗೃಹದಲ್ಲಿ ಇದ್ದೆ, ಅಲ್ಲಿಂದ 21ಕ್ಕೆ ಹೊರಬಂದು ರೂಮ್ ಮಾಡಿದೆ, ಆಮೇಲೆ ಅವಳನ್ನು ಕರೆದುಕೊಂಡು ಬಂದೆ. ಹದಿನೆಂಟು ತುಂಬಿದ ತಕ್ಷಣ ರಸ್ತೆಗೆ ಬಿಡ್ತಾರೆ ಅಂತ ಜನ ತಿಳಿದಿರುತ್ತಾರೆ. ಸೆಕ್ಷನ್ 46 ಇದೆ. ಆದರೆ ಇದೆ ಅಂತ ನಮಗೆ ಹೇಳುವವರು ಇರಬೇಕಲ್ಲ. ನನಗೆ ಹೇಳಿದ್ದು ಅಡುಗೆಯವರು.

ತೆಂಗಿನತೋಟ:
ಏಳು ವಾರ ಆಯಿತು ಇಲ್ಲಿ ಬರೆದು. ಎಲ್ಲರಿಗೂ ಮೊದಲು ಥ್ಯಾಂಕ್ಸ್.

ಮಾಜಿ ಸದಸ್ಯೆ ಮೇಡಂ ಕೇಳಿದ ಮೇಲೆ ಮೂರನೇ ಸಲ ಹೋದೆ, ಒಬ್ಬಳೇ, ಬಿಸ್ಕೆಟ್ ಇಲ್ಲದೆ. ನಮ್ಮ ಮನೆಗೆ ಬರೋಕೆ ನಿನಗೆ ಇಷ್ಟ ಇದೆಯಾ ಅಂತ ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದು, 'ಬಂದ್ರೆ ಅಮ್ಮನಿಗೆ ಅಡ್ರೆಸ್ ಗೊತ್ತಾಗುತ್ತಾ?' ಅಂದಳು. ಅವಳ ಭಯ ಅದು. ಮಂದಿರ ಬಿಟ್ಟರೆ ಅಮ್ಮನಿಗೆ ತಾನು ಸಿಗುವುದಿಲ್ಲ ಅಂತ. ಇದನ್ನು ಸೂಪರಿಂಟೆಂಡೆಂಟ್ ಮೇಡಂಗೆ ಹೇಳಿದೆ. ಅವರು ಸಮಿತಿ ಮುಂದೆ ಹೇಳಿಸಿದರು. ನಮ್ಮ ವಿಷಯವನ್ನು ಸಮಿತಿಯವರೇ ಆಸ್ಪತ್ರೆ ಮೂಲಕ ಅವರಮ್ಮನಿಗೆ ತಿಳಿಸುತ್ತಾರೆ, ಭೇಟಿ ಸಮಿತಿ ಹೇಳಿದ ಜಾಗದಲ್ಲಿ ಅಂತ ಆಯಿತು. ಹುಡುಗಿ ಅದನ್ನು ಆದೇಶದಲ್ಲಿ ಬರೆದಿದ್ದಾರಾ ಅಂತ ಕೇಳಿದಳು. ಬರೆದಿದ್ದಾರೆ ಅಂತ ಬೆರಳಿಟ್ಟು ತೋರಿಸಿದರು. ಅವಳೇ ಓದಿಕೊಂಡಳು. ಒಡಹುಟ್ಟಿದವರು ಯಾರೂ ಇಲ್ಲ, ಅದನ್ನೂ ಕೇಳಿದೆ. ಸದ್ಯಕ್ಕೆ ಒಂದು ವರ್ಷಕ್ಕೆ ಆದೇಶ.

ಬಂದು ಹತ್ತೊಂಬತ್ತು ದಿನ. ಟ್ರಂಕು ಮಂಚದ ಕೆಳಗಿದೆ, ನಾನು ಪೊರಕೆ ಕೂಡ ಆ ಕಡೆ ತೂರಿಸಿಲ್ಲ. ದಿಂಬಿನ ಕೆಳಗೆ ಚಪಾತಿ ಸಿಗಲಿಲ್ಲ, ಕೊಬ್ಬರಿ ಚೂರು ಸಿಕ್ಕಿತು. ಡಬ್ಬಿ ಕೊಟ್ಟೆ. ಅತ್ತೆ ಈಗ ಆ ಡಬ್ಬಿಗೆ ಅವಳಿಗೆ ಗೊತ್ತಾಗದ ಹಾಗೆ ಬೆಲ್ಲ ಹಾಕ್ತಾ ಇದ್ದಾರೆ. ನಾಳೆ ಅವರಮ್ಮ ಬಂದ್ರೆ ಅಂತ ಕೇಳುತ್ತಿದ್ದವರು ಇವರೇ.

ನನ್ನನ್ನು ಆಂಟಿ ಅನ್ನುತ್ತಾಳೆ. ಯಜಮಾನರನ್ನು ಏನೂ ಅನ್ನುವುದಿಲ್ಲ, ಅವರು ಇರುವ ಕಡೆ ಹೋಗಿ ನಿಂತುಕೊಳ್ಳುತ್ತಾಳೆ, ಅವರೇ ತಿರುಗಿ ನೋಡಬೇಕು.

ಈಗ ವಿಷಯಕ್ಕೆ ಬರ್ತೀನಿ. ಬರುವ ಶನಿವಾರ ಮೊದಲ ಭೇಟಿ. ಅವರಮ್ಮ ಈಗ ಸ್ವಲ್ಪ ಸುಧಾರಿಸಿದ್ದಾರಂತೆ. ನನಗೆ ಅವರನ್ನು ಮನೆಗೇ ಊಟಕ್ಕೆ ಕರೆಯಬೇಕು ಅನಿಸುತ್ತಿದೆ. ಯಜಮಾನರು ಬೇಡ ಅನ್ನುತ್ತಿದ್ದಾರೆ. ಏನು ಮಾಡಲಿ?

ಮಾಜಿ ಸದಸ್ಯೆ:
ಮೊದಲನೆಯದು ಕಚೇರಿಯಲ್ಲೇ ಆಗಲಿ. ನಿಮ್ಮ ಮನೆ, ಹುಡುಗಿಯ ಹೊಸ ಮಂಚ, ಪುಸ್ತಕದ ಕಪಾಟು ಎಲ್ಲವನ್ನೂ ಒಂದೇ ಸಲ ನೋಡುವುದು ಆ ತಾಯಿಗೆ ಕಷ್ಟ. ಎರಡು ಮೂರು ಭೇಟಿ ಆದ ಮೇಲೆ ಸಮಿತಿಯನ್ನು ಕೇಳಿ ಕರೆಯಿರಿ. ಊಟ ಡಬ್ಬಿಯಲ್ಲಿ ತಗೊಂಡು ಹೋಗಿ. ಬಡಿಸುವುದು ಹುಡುಗಿಯೇ ಬಡಿಸಲಿ. ನೀವು ಸ್ವಲ್ಪ ಹೊತ್ತು ಹೊರಗೆ ಕುರ್ಚಿ ಹಾಕಿಕೊಂಡು ಕೂತಿರಿ. ಆ ಅರ್ಧ ಗಂಟೆ ಕಷ್ಟ ಆಗುತ್ತೆ, ಮೊಬೈಲ್ ಚಾರ್ಜ್ ಮಾಡ್ಕೊಂಡು ಹೋಗಿ.

ತೆಂಗಿನತೋಟ:
ಸರಿ ಮೇಡಂ.

ಏನು ಅಡುಗೆ ಮಾಡ್ಲಿ ಅಂತ ಅವಳನ್ನೇ ಕೇಳಿದೆ. 'ಅಮ್ಮನಿಗೆ ಹುರುಳಿಕಾಳು ಸಾರು ಇಷ್ಟ' ಅಂದಳು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು ಅಡುಗೆಮನೆ ಬಾಗಿಲಿಗೆ ಬಂದು, 'ಇಷ್ಟ ಅಂತ ಅನ್ಸುತ್ತೆ. ಸರಿಯಾಗಿ ನೆನಪಿಲ್ಲ' ಅಂದಳು.

ಹುರುಳಿಕಾಳು ನೆನೆಸಿ ಮೊಳಕೆ ಕಟ್ಟಿದ್ದೇನೆ. ಶನಿವಾರಕ್ಕೆ ಸರಿಯಾಗುತ್ತೆ.

ಜೂನ್ ಒಂದು:
ಮುದ್ದೆ ಮರೀಬೇಡಿ ಅಕ್ಕಾ.